ಯಜಮಾನ ಸತ್ತ ಮೇಲೆ ಆಳುಗಳ ಪಾಲು: ಹಳೇ ಅಮೆರಿಕದ ಉಯಿಲುಗಳನ್ನು ಓದುತ್ತಾ

ಕಡತಪ್ರೇಮಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, 12 ವರ್ಷದಿಂದ ವರ್ಜೀನಿಯಾದಲ್ಲಿದ್ದೇನೆ. ಶನಿವಾರ ಬಂತೆಂದರೆ ಇಲ್ಲಿನ ಲೈಬ್ರರಿಗೆ ಹೋಗಿ ಹಳೇ ಕೋರ್ಟು ಕಡತಗಳ ಕೈಬರಹ ಓದಿ ಟೈಪ್ ಮಾಡಿಕೊಡುತ್ತೇನೆ. ಸಂಬಳವಿಲ್ಲದ ಕೆಲಸ. ಹೆಚ್ಚಿನವು ಗುಲಾಮಗಿರಿ ಇದ್ದ ಕಾಲದ ಉಯಿಲುಗಳು, ಸತ್ತವರ ಆಸ್ತಿ ಪಟ್ಟಿಗಳು.

ಹೋದ ವಾರ ಒಂದು ಪಟ್ಟಿ ಸಿಕ್ಕಿತು. ಸತ್ತವನು ದೊಡ್ಡ ಜಮೀನ್ದಾರನೇನಲ್ಲ, ತಂಬಾಕು ಬೆಳೆಯುತ್ತಿದ್ದ ಸಾಧಾರಣ ರೈತ. ಕೋರ್ಟಿನ ಆಜ್ಞೆಯಂತೆ ನೆರೆಹೊರೆಯ ಮೂವರು ಪ್ರಮಾಣ ಮಾಡಿ, ಮನೆ ಹೊಕ್ಕು ಒಂದೊಂದು ಸಾಮಾನಿಗೂ ಬೆಲೆ ಕಟ್ಟಿದ್ದಾರೆ. ಪುಕ್ಕ ತುಂಬಿದ ಹಾಸಿಗೆ, ಎರಡು ಕಬ್ಬಿಣದ ಪಾತ್ರೆ, ನೂಲುವ ರಾಟೆ, ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಅದರ ಕೆಳಗೆ ಅದೇ ಮಸಿ, ಅದೇ ಕೈಬರಹದಲ್ಲಿ ಒಬ್ಬ ಹೆಂಗಸಿನ ಹೆಸರು, ಅವಳ ಕೂಸಿನ ಹೆಸರು, ಇಬ್ಬರಿಗೂ ಸೇರಿ ಒಂದು ಬೆಲೆ. ಅದರ ಕೆಳಗೆ ಒಬ್ಬ ಹುಡುಗ. ಕೊನೆಯ ಸಾಲಿನಲ್ಲಿ ಒಬ್ಬ ಮುದುಕಿಯ ಹೆಸರಿದೆ, ಬೆಲೆಯ ಜಾಗದಲ್ಲಿ ಸೊನ್ನೆ. ದುಡಿಯುವ ಶಕ್ತಿ ಉಳಿದಿಲ್ಲ ಅಂತ ಲೆಕ್ಕ.

ನಾಲ್ಕು ಪುಟ ಮುಂದೆ ಪಾಲುಪಟ್ಟಿ. ನಮ್ಮ ಅಜ್ಜ ತೀರಿಕೊಂಡ ಮೇಲೆ ತೋಟ ಪಾಲಾದಾಗ ಹೇಗೆ ಮಾಡಿದ್ದರೋ ಹಾಗೇ, ಸಮನಾಗಿ ಪಾಲು ಕಟ್ಟಿ ಚೀಟಿ ಎತ್ತಿದ್ದಾರೆ. ತಾಯಿ ಮತ್ತು ಕೂಸು ಹಿರಿಮಗಳಿಗೆ. ಹುಡುಗ ಎರಡನೇ ಮಗನಿಗೆ. ಹಿರಿಮಗಳ ಪಾಲು ಸ್ವಲ್ಪ ಹೆಚ್ಚಾಯಿತೆಂದು ಆಕೆ ತಮ್ಮನಿಗೆ ಇಷ್ಟು ಪೌಂಡು ತುಂಬಿಕೊಡಬೇಕು ಎಂಬ ಷರಾ ಕೂಡ ಇದೆ. ಒಡಹುಟ್ಟಿದವರಲ್ಲಿ ಯಾರಿಗೂ ಒಂದು ಕಾಸಿನ ಅನ್ಯಾಯವಾಗಿಲ್ಲ. ಆ ಹುಡುಗ ಆ ಹೆಂಗಸಿನ ಮಗ ಎಂಬುದು ನನಗೆ ಇನ್ನೊಂದು ಕಾಗದದಿಂದ ಗೊತ್ತಾಯಿತು.

ಅವತ್ತು ಅಲ್ಲಿಗೇ ಕಂಪ್ಯೂಟರ್ ಮುಚ್ಚಿ ಎದ್ದು ಬಂದೆ. ಗುಲಾಮಗಿರಿ ಎಂದಕೂಡಲೇ ನಮಗೆ ಚಾಟಿ, ಹರಾಜು ಕಟ್ಟೆ ನೆನಪಾಗುತ್ತವೆ. ಈ ಕಡತಗಳಲ್ಲಿ ನಾನು ನೋಡುತ್ತಿರುವುದು ಅದಕ್ಕಿಂತ ಮನೆಯೊಳಗಿನ ವಿಷಯ. ಯಜಮಾನ ಸತ್ತ, ಮಕ್ಕಳು ನ್ಯಾಯವಾಗಿ ಪಾಲು ಮಾಡಿಕೊಂಡರು, ಅಷ್ಟರಲ್ಲಿ ಇನ್ನೊಂದು ಕುಟುಂಬ ಚೂರಾಯಿತು. ಈ ಬಗ್ಗೆ ಓದಿಕೊಂಡವರು, ಕಾನೂನು ಬಲ್ಲವರು ಇದ್ದರೆ ದಯವಿಟ್ಟು ಬರೆಯಿರಿ.

ಹಾಸನದ ಮೇಷ್ಟ್ರು

ನಿಮ್ಮ ಗ್ರಹಿಕೆ ಸರಿಯಾಗಿದೆ. ಇದನ್ನು ಅನುಭವಿಸಿದವರೇ ಬರೆದಿಟ್ಟಿದ್ದಾರೆ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಹುಟ್ಟಿದ್ದು 1818ರಲ್ಲಿ, ಮೇರಿಲ್ಯಾಂಡಿನ ಟಾಲ್ಬಟ್ ಕೌಂಟಿಯಲ್ಲಿ. ಅವನ ಯಜಮಾನ ಆರನ್ ಆಂಟನಿ 1826ರಲ್ಲಿ ಉಯಿಲು ಬರೆಯದೆ ಸತ್ತ. ಹುಡುಗ ಆಗ ಬಾಲ್ಟಿಮೋರಿನಲ್ಲಿ ಆ ಮನೆತನದ ಸಂಬಂಧಿಕರ ಮನೆಯಲ್ಲಿದ್ದ, ಅಕ್ಷರ ಕಲಿಯುತ್ತಿದ್ದ. ಆಸ್ತಿಗೆ ಬೆಲೆ ಕಟ್ಟಬೇಕು, ಎಲ್ಲವೂ ಒಂದೆಡೆ ಇರಬೇಕು ಎಂದು ಮುಂದಿನ ವರ್ಷ ಅವನನ್ನು ಹಳ್ಳಿಗೆ ವಾಪಸ್ ಕರೆಸಿದರು. ಗಂಡಸು ಹೆಂಗಸು, ಮುದುಕರು ಮಕ್ಕಳು, ಕುದುರೆ, ಕುರಿ, ಹಂದಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರು ಎಂದು 1845ರ ತನ್ನ ಆತ್ಮಕಥೆಯಲ್ಲಿ ಹೇಳುತ್ತಾನೆ.

ಬೆಲೆ ಕಟ್ಟಿದ ಮೇಲೆ ಹಂಚಿಕೆ. ಸತ್ತವನ ಮಗ ಆಂಡ್ರೂ ಕುಡುಕ. ಡಗ್ಲಾಸನ ತಮ್ಮನನ್ನು ನೆಲಕ್ಕೆ ಕೆಡವಿ, ಮೂಗು ಕಿವಿಯಲ್ಲಿ ರಕ್ತ ಬರುವ ತನಕ ತಲೆಯನ್ನು ಬೂಟಿನಲ್ಲಿ ತುಳಿದಿದ್ದವನು. ಅವನ ಪಾಲಿಗೆ ಬಿದ್ದರೆ ಗತಿಯೇನು ಎಂದು ಎಲ್ಲರೂ ನಡುಗುತ್ತಿದ್ದರು. ಡಗ್ಲಾಸ್ ಮಗಳು ಲುಕ್ರೀಷಿಯಾಳ ಪಾಲಿಗೆ ಬಂದು ಮತ್ತೆ ಬಾಲ್ಟಿಮೋರಿಗೆ ಹೋದ. ಆಂಡ್ರೂನ ಪಾಲಿಗೆ ಬಿದ್ದಿದ್ದರೆ ನಾವು ಇವತ್ತು ಆ ಹೆಸರನ್ನೇ ಕೇಳುತ್ತಿರಲಿಲ್ಲವೇನೋ. ಪಾಠ ಮಾಡುವಾಗ ಈ ಭಾಗ ಬಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಒಂಬತ್ತು ವರ್ಷದ ಹುಡುಗನ ಮುಂದಿನ ಬದುಕೆಲ್ಲ ಒಂದು ಪಾಲುಪಟ್ಟಿಯಲ್ಲಿ ಅವನ ಹೆಸರು ಯಾವ ಸಾಲಿನಲ್ಲಿ ಬರುತ್ತದೆ ಎಂಬುದರ ಮೇಲೆ ನಿಂತಿತ್ತು.

ವಕೀಲ, ಧಾರವಾಡ

ನೋಡ್ರಿ ಸರ, ನಾನು 20 ವರ್ಷದಿಂದ ಸಿವಿಲ್ ಕೇಸು ನಡೆಸ್ತೀನಿ, ಅದರಾಗ ಹಿಸ್ಸಾ ದಾವೆಗಳೇ ಹೆಚ್ಚು. ನೀವು ಬರೆದದ್ದು ಓದಿ ರಾತ್ರಿ ನಿದ್ದಿ ಬರಲಿಲ್ಲ. ಯಾಕಂದ್ರ ಆ ಪಾಲುಪಟ್ಟಿಯ ಭಾಷೆ, ನಾನು ದಿನಾ ಬರೆಯೋ ಭಾಷೆ ಎರಡೂ ಒಂದೇ. ವರ್ಜೀನಿಯಾದ ಕಾನೂನಿನ ಬಗ್ಗೆ ಓದಿಕೊಂಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲ ಕಲ್ಲು ಬಿದ್ದದ್ದು 1662ರಲ್ಲಿ. ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಂತೆ ಎಂದು ಆ ವರ್ಷ ವರ್ಜೀನಿಯಾದ ಶಾಸನಸಭೆ ಕಾಯಿದೆ ಮಾಡಿತು. ಇಂಗ್ಲೆಂಡಿನ ರೂಢಿಯಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. ಅದನ್ನು ಬೇಕೆಂದೇ ತಿರುಗಿಸಿದರು. ಇದರಿಂದ ಯಜಮಾನನೇ ತಂದೆಯಾದರೂ ಮಗು ಅವನ ವಾರಸುದಾರನಾಗದೆ ಅವನ ಆಸ್ತಿಯಾಯಿತು. ಈ ಒಂದು ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ.

ಎರಡನೆಯದು 1705. ಉತ್ತರಾಧಿಕಾರದ ಮಟ್ಟಿಗೆ ಗುಲಾಮರನ್ನು ಸ್ಥಿರಾಸ್ತಿ ಎಂದು ಘೋಷಿಸಿದರು. ಅಂದರೆ ಜಮೀನಿನ ಹಾಗೆ ಅವರೂ ವಾರಸುದಾರರಿಗೆ ಇಳಿದು ಬರುತ್ತಾರೆ, ವಿಧವೆಗೂ ಅವರಲ್ಲಿ ಮೂರನೇ ಒಂದು ಪಾಲಿನ ಮೇಲೆ ಜೀವಿತಾವಧಿಯ ಹಕ್ಕು. 1727ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರದಂತೆ ತಲೆತಲಾಂತರಕ್ಕೆ ಕಟ್ಟಿಹಾಕಿದ ಜಮೀನಿನ ಜೊತೆ ಗುಲಾಮರನ್ನೂ ಕಟ್ಟಿಹಾಕಬಹುದು ಎಂದರು. ಸಾಲ ಕೊಟ್ಟವರನ್ನೂ ಮರೆಯಲಿಲ್ಲ. 1732ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾಯಿದೆಯ ಪ್ರಕಾರ ವಸಾಹತುಗಳಲ್ಲಿ ಸಾಲ ವಸೂಲಿಗೆ ಜಮೀನಿನ ಜೊತೆಗೆ ಗುಲಾಮರನ್ನೂ ಹಿಡಿಯಬಹುದಾಗಿತ್ತು.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇದರ ಮುಂದಿನದು. ಸ್ವಾತಂತ್ರ್ಯ ಘೋಷಿಸಿದ 1776ರಲ್ಲೇ ವರ್ಜೀನಿಯಾ ಆ ತಲೆತಲಾಂತರದ ಕಟ್ಟು ತೆಗೆದುಹಾಕಿತು. 1785ರ ಕಾಯಿದೆಯಲ್ಲಿ ಹಿರಿಮಗನಿಗೆ ಎಲ್ಲ ಎನ್ನುವ ಪದ್ಧತಿಯೂ ಹೋಯಿತು. ಉಯಿಲಿಲ್ಲದೆ ಸತ್ತರೆ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಸಮಪಾಲು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಇದನ್ನು ತನ್ನ ದೊಡ್ಡ ಸುಧಾರಣೆ ಎಂದುಕೊಂಡಿದ್ದ. ಬಿಳಿಯ ಕುಟುಂಬದ ಕಿರಿಮಗನಿಗೆ, ಹೆಣ್ಣುಮಗಳಿಗೆ ಅದು ಸುಧಾರಣೆಯೇ. ಆದರೆ ಒಂದು ಜಮೀನಿನಲ್ಲಿ ಮೂರು ತಲೆಮಾರು ಒಟ್ಟಿಗಿದ್ದ ಗುಲಾಮ ಕುಟುಂಬಕ್ಕೆ? ಪಾಲು ಹೆಚ್ಚಾದಷ್ಟೂ ಒಡಕು ಹೆಚ್ಚು. ಸಮಾನತೆಯ ಕಾನೂನೇ ಅವರನ್ನು ಚದುರಿಸಿತು.

ಕುಡ್ಲದವಳು

ವಕೀಲರೇ, 1662ರದ್ದು ಓದಿ ನನಗೆ ನಮ್ಮ ಅಳಿಯಸಂತಾನ ನೆನಪಾಯಿತು. ನಮ್ಮಲ್ಲಿಯೂ ಮಗು ತಾಯಿಯ ಕಡೆಗೆ ಸೇರುವುದು, ತಾಯಿಯ ಕುಟುಂಬದ ಹೆಸರೇ ಬರುವುದು. ಅದರಿಂದ ನಮ್ಮ ಅಜ್ಜಿಯಂದಿರಿಗೆ ಮನೆಯಲ್ಲಿ ಒಂದು ನೆಲೆ ಉಂಟು. ಅಲ್ಲಿ ಅದೇ ತಾಯಿಯ ದಾರಿಯನ್ನು ತೆಗೆದುಕೊಂಡು ಬೇಡಿ ಮಾಡಿದರಲ್ಲ! ತಾಯಿ ಮಗುವಿಗೆ ಕೊಡುವುದು ಬೇರೆ ಏನೂ ಇಲ್ಲ, ತನ್ನ ಗುಲಾಮಗಿರಿ ಮಾತ್ರ.

ನಮ್ಮ ಕರಾವಳಿಯನ್ನು ಒಳ್ಳೆಯದು ಅಂತ ಹೇಳುತ್ತಾ ಇಲ್ಲ ಮಾರಾಯ್ರೆ. ಇಲ್ಲಿಯೂ ಮೂಲದಾಳುಗಳು ಇದ್ದರು, ತಲೆಮಾರಿನಿಂದ ತಲೆಮಾರಿಗೆ ಒಂದೇ ಮನೆಗೆ ಕಟ್ಟಿಬಿದ್ದವರು. 1801ರಲ್ಲಿ ಕಂಪನಿಯ ಪರವಾಗಿ ಊರೂರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಕಂಪನಿ ಸರಕಾರದ ಕೋರ್ಟುಗಳಲ್ಲಿ ಮನುಷ್ಯರ ಮೇಲಿನ ಒಡೆತನಕ್ಕೆ ಮಾನ್ಯತೆ ಹೋದದ್ದು 1843ರ ಕಾಯಿದೆಯಿಂದ.

ಕಡತಪ್ರೇಮಿ

ಅಕ್ಕ, ಮೂಲದಾಳುಗಳ ವಿಷಯ ಬಹಳ ದೊಡ್ಡದು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಎರಡನ್ನೂ ಬೆರೆಸಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

1662ರ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಟೈಪ್ ಮಾಡುವ ಉಯಿಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನುಡಿಗಟ್ಟಿದೆ. "ಇಂಥ ಹುಡುಗಿಯನ್ನು ಮತ್ತು ಅವಳ ಮುಂದಿನ ಸಂತತಿಯನ್ನು ನನ್ನ ಮಗಳಿಗೆ ಕೊಟ್ಟಿದ್ದೇನೆ." ಹಸುವಿನ ಕರುಗಳಿಗೂ ಅದೇ ಪದ. ಆ ಹುಡುಗಿಗೆ ಎಷ್ಟೋ ಸಲ ಏಳೆಂಟು ವರ್ಷ. ಇನ್ನೂ ಹುಟ್ಟದ ಮಕ್ಕಳನ್ನು ಉಯಿಲಿನಲ್ಲಿ ಬರೆದುಕೊಡುತ್ತಿದ್ದರು.

1808ರ ಜನವರಿ 1ರಿಂದ ಹೊರದೇಶದಿಂದ ಗುಲಾಮರನ್ನು ತರುವುದು ನಿಷೇಧವಾಯಿತು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ 39.5 ಲಕ್ಷವಾಗಿತ್ತು. ಅದು ಹೇಗೆ ಬೆಳೆಯಿತು ಎಂಬುದಕ್ಕೆ ಉತ್ತರ ಆ ನುಡಿಗಟ್ಟಿನಲ್ಲಿದೆ.

ತುಂಗಾತೀರ

ನನ್ನದೊಂದು ಪ್ರಶ್ನೆ. ಹೆಣ್ಣುಮಕ್ಕಳಿಗೂ ಪಾಲು ಸಿಗುತ್ತಿತ್ತು ಎಂದಿರಿ. ಮದುವೆಯಾದ ಮೇಲೆ ಹೆಂಡತಿಯ ಆಸ್ತಿಯೆಲ್ಲ ಗಂಡನದು ಎಂಬ ಕಾನೂನು ಆಗ ಅಲ್ಲಿ ಇತ್ತಲ್ಲವೆ? ಹಾಗಾದರೆ ಹೆಂಗಸರು ಗುಲಾಮರ ಒಡತಿಯರಾಗಿದ್ದು ಹೇಗೆ? ಅವರ ಕೈಯಲ್ಲಿ ಏನಾದರೂ ಇತ್ತೆ, ಅಥವಾ ಎಲ್ಲ ಗಂಡಸರದ್ದೇ ಆಟವೆ?

ವಕೀಲ, ಧಾರವಾಡ

ಮೇಡಂ, ಒಳ್ಳೆ ಪ್ರಶ್ನೆ. ಸಾಮಾನ್ಯ ನಿಯಮ ನೀವು ಹೇಳಿದ್ದೇ. ಅದಕ್ಕೇ ಸಿರಿವಂತ ಅಪ್ಪಂದಿರು ಮಗಳ ಹೆಸರಿನ ಗುಲಾಮರನ್ನು ಬೇರೆಯವರ ಸುಪರ್ದಿಗೆ ಒಪ್ಪಿಸಿ, ಅಳಿಯನಿಗೆ ಸಾಲ ಕೊಟ್ಟವರು ಮುಟ್ಟದಂತೆ ಪತ್ರ ಮಾಡಿಸುತ್ತಿದ್ದರು. ಜಮೀನು ಗಂಡುಮಕ್ಕಳಿಗೆ, ಗುಲಾಮರು ಹೆಣ್ಣುಮಕ್ಕಳಿಗೆ ಎಂದು ಹಂಚುವುದೂ ಬಹಳ ಕಡೆ ರೂಢಿ. ಜಮೀನು ಎದ್ದು ಹೋಗುವುದಿಲ್ಲ, ಮನುಷ್ಯರನ್ನು ಗಂಡನ ಮನೆಗೆ ಕರೆದೊಯ್ಯಬಹುದು.

ಮಿಸಿಸಿಪ್ಪಿಯ ಕಥೆ ಕೇಳಿ. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಬಹುದು ಎಂದು ಅಲ್ಲಿ 1839ರಲ್ಲಿ ಕಾಯಿದೆ ಬಂತು. ಹೆಂಗಸರ ಹಕ್ಕಿನ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಹೆಸರು. ಆ ಕಾಯಿದೆಯ ಐದು ಕಲಮುಗಳಲ್ಲಿ ನಾಲ್ಕು ಗುಲಾಮರ ಬಗ್ಗೆಯೇ ಇವೆ. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಮೂಲನಿವಾಸಿಗಳಾದ ಚಿಕಸಾ ಬುಡಕಟ್ಟಿನ ಬೆಟ್ಸಿ ಲವ್ ಎಂಬ ಹೆಂಗಸಿನ ಮನೆತನದ ಕೇಸು ಅಲ್ಲಿನ ಉನ್ನತ ಕೋರ್ಟಿಗೆ ಹೋಗಿತ್ತು. ಚಿಕಸಾ ಪದ್ಧತಿಯಲ್ಲಿ ಹೆಂಡತಿಯ ಆಸ್ತಿಯ ಮೇಲೆ ಗಂಡನಿಗೆ ಹಕ್ಕಿಲ್ಲ, ಹಾಗಾಗಿ ಗಂಡನ ಸಾಲಕ್ಕೆ ಅದನ್ನು ಹಿಡಿಯುವಂತಿಲ್ಲ ಎಂದು ತೀರ್ಪಾಯಿತು. ಆ "ಆಸ್ತಿ" ಒಬ್ಬ ಮನುಷ್ಯ.

ಕಡತಪ್ರೇಮಿ

ತುಂಗಾತೀರ ಅವರಿಗೆ ನನ್ನ ಕಡೆಯಿಂದ ಜಾರ್ಜ್ ವಾಷಿಂಗ್ಟನ್‌ನ ಮನೆ ಜಮೀನು ಮೌಂಟ್ ವರ್ನನ್‌ನ ಉದಾಹರಣೆ. ಇದು ನಾನಿರುವ ಜಾಗದಿಂದ ಒಂದು ಗಂಟೆ ದಾರಿ, ಊರಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ.

ಜಾರ್ಜ್ ವಾಷಿಂಗ್ಟನ್‌ಗೆ 11 ವರ್ಷವಿದ್ದಾಗ ತಂದೆ ತೀರಿಕೊಂಡರು. ಆ ಉಯಿಲಿನಿಂದ ಹುಡುಗನಿಗೆ 10 ಗುಲಾಮರು ಬಂದರು. 1759ರಲ್ಲಿ ಮಾರ್ಥಾಳನ್ನು ಮದುವೆಯಾದ. ಅವಳ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲಿಲ್ಲದೆ ಸತ್ತಿದ್ದ. ಕಾನೂನಿನ ಪ್ರಕಾರ ಆ ದೊಡ್ಡ ಆಸ್ತಿಯ ಮೂರನೇ ಒಂದು ಪಾಲು ವಿಧವೆಗೆ, ಆದರೆ ಅವಳು ಬದುಕಿರುವ ತನಕ ಮಾತ್ರ. ಆಮೇಲೆ ಅದು ಕಸ್ಟಿಸ್ ವಾರಸುದಾರರಿಗೆ. ಇದನ್ನೇ ಡೋವರ್ ಎನ್ನುತ್ತಿದ್ದರು.

1799ರಲ್ಲಿ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ಅವರಲ್ಲಿ 123 ಮಂದಿ ಮಾತ್ರ ಜಾರ್ಜ್ ಹೆಸರಿನವರು, 153 ಮಂದಿ ಡೋವರಿನವರು, ಉಳಿದವರು ಬೇರೆಯವರಿಂದ ಬಾಡಿಗೆಗೆ ತಂದವರು. ಬೇರೆ ಬೇರೆ ಪಟ್ಟಿಯಲ್ಲಿದ್ದರೂ ಅವರು ಒಂದೇ ಊರಿನ ಜನ, ಪರಸ್ಪರ ಮದುವೆಯಾಗಿ ಮಕ್ಕಳನ್ನು ಪಡೆದಿದ್ದರು. ವಾಷಿಂಗ್ಟನ್ ತನ್ನವರನ್ನು ಮಾರ್ಥಾಳ ಕಾಲಾನಂತರ ಬಿಡುಗಡೆ ಮಾಡಬೇಕೆಂದು ಉಯಿಲು ಬರೆದ. ಆಕೆ ಬದುಕಿರುವಾಗಲೇ ಬಿಡುಗಡೆ ಮಾಡಿದರೆ ಈ ಮಿಶ್ರ ಮದುವೆಗಳಿಂದಾಗಿ ಸಂಕಟ ಬರುತ್ತದೆ ಎಂದು ಉಯಿಲಿನಲ್ಲೇ ಹೇಳಿದ್ದಾನೆ. ಕೂಡಲೇ ಬಿಡುಗಡೆಯಾದವನು ಅವನ ಖಾಸಾ ಸೇವಕ ವಿಲಿಯಂ ಲೀ ಒಬ್ಬನೇ, ವರ್ಷಕ್ಕೆ 30 ಡಾಲರ್ ಜೀವನಾಂಶದೊಂದಿಗೆ.

ಮಾರ್ಥಾ 1801ರ ಜನವರಿ 1ರಂದೇ ಗಂಡನ ಕಡೆಯವರನ್ನು ಬಿಟ್ಟುಬಿಟ್ಟಳು. ಬಡಗಿ ಐಸಾಕ್ ಸ್ವತಂತ್ರನಾದ. ಹಾಲಿನ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಅವನ ಹೆಂಡತಿ ಕಿಟ್ಟಿ ಡೋವರಿನವಳು, ಆದ್ದರಿಂದ ಅವರ ಹೆಣ್ಣುಮಕ್ಕಳೂ ಡೋವರಿನವರು. ಅವರು ಗುಲಾಮರಾಗಿಯೇ ಉಳಿದರು. 1802ರಲ್ಲಿ ಮಾರ್ಥಾ ಸತ್ತಾಗ ಡೋವರಿನವರನ್ನೆಲ್ಲ ಅವಳ ನಾಲ್ವರು ಮೊಮ್ಮಕ್ಕಳು ಹಂಚಿಕೊಂಡರು. ಅವರ ಮೇಲೆ ಮಾರ್ಥಾಳಿಗೆ ಅಧಿಕಾರ ಇರಲಿಲ್ಲ, ನಿಜ. ಆದರೆ ಸಂಪೂರ್ಣವಾಗಿ ಅವಳದೇ ಆಗಿದ್ದ ಒಬ್ಬ ಮನುಷ್ಯನಿದ್ದ. ಅವನನ್ನು ಬಿಡುಗಡೆ ಮಾಡಲಿಲ್ಲ, ಮೊಮ್ಮಗನಿಗೆ ಬರೆದುಕೊಟ್ಟಳು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಆ ಮೊಮ್ಮಗನ ಜಮೀನೇ ಆರ್ಲಿಂಗ್ಟನ್. ಅವನ ಅಳಿಯ, ಮುಂದೆ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆ ನಡೆಸಿದ ರಾಬರ್ಟ್ ಇ. ಲೀ. ಇವತ್ತು ಅಲ್ಲಿ ಅಮೆರಿಕದ ಸೈನಿಕರ ಸಮಾಧಿಗಳಿವೆ.

ಬೆಂಗಳೂರು ಓದುಗ

ಎಲ್ಲ ಓದಿದೆ, ಬಹಳ ಚೆನ್ನಾಗಿದೆ. ಆದರೂ ಒಂದು ಮಾತು. ಆ ಕಾಲದ ಜನರನ್ನು ಇವತ್ತಿನ ಕಣ್ಣಿಂದ ಅಳೆಯುವುದು ಸರಿಯೇ? ಅವರಿಗೆ ಅದು ಹುಟ್ಟಿನಿಂದ ನೋಡಿಕೊಂಡು ಬಂದದ್ದು. ಅಪ್ಪನಿಂದ ಬಂದ ಆಸ್ತಿಯನ್ನು ಯಾರು ಬಿಡುತ್ತಾರೆ? ಜೊತೆಗೆ ಇದು ದಕ್ಷಿಣದ ಕೆಲವು ರಾಜ್ಯಗಳ ಕಥೆ ತಾನೆ?

ಹಾಸನದ ಮೇಷ್ಟ್ರು

ಇವತ್ತಿನ ಕಣ್ಣು ಬೇಡ, ಅವತ್ತಿನ ಕಣ್ಣೇ ಸಾಕು. ವರ್ಜೀನಿಯಾದಲ್ಲೇ ರಾಬರ್ಟ್ ಕಾರ್ಟರ್ ಎಂಬ ಜಮೀನ್ದಾರನಿದ್ದ, ವಾಷಿಂಗ್ಟನ್, ಜೆಫರ್ಸನ್‌ರಷ್ಟೇ ದೊಡ್ಡ ಕುಳ. ಅವನಿಗೂ ಆಸ್ತಿ ಪಿತ್ರಾರ್ಜಿತವಾಗಿಯೇ ಬಂದದ್ದು. 1791ರಲ್ಲಿ ದಾನಪತ್ರ ಬರೆದು 450ಕ್ಕೂ ಹೆಚ್ಚು ಮಂದಿಯನ್ನು ಹಂತಹಂತವಾಗಿ ಬಿಡುಗಡೆ ಮಾಡಲು ಶುರುಮಾಡಿದ. ಮನೆಯವರೂ ನೆರೆಯವರೂ ಸಿಟ್ಟಾದರು. ಅವನು ಬಾಲ್ಟಿಮೋರಿಗೆ ಹೊರಟುಹೋದ, ಪತ್ರ ಮಾತ್ರ ಹಿಂತೆಗೆದುಕೊಳ್ಳಲಿಲ್ಲ. 1782ರಿಂದಲೇ ವರ್ಜೀನಿಯಾದಲ್ಲಿ ಸ್ವಂತ ಇಚ್ಛೆಯಿಂದ ಬಿಡುಗಡೆ ಮಾಡಲು ಕಾನೂನಿನ ಅಡ್ಡಿ ಇರಲಿಲ್ಲ. ಬಾಗಿಲು ತೆರೆದಿತ್ತು, ಹೆಚ್ಚಿನವರು ಹೊಸ್ತಿಲು ದಾಟಲಿಲ್ಲ. 1806ರಲ್ಲಿ ಆ ಬಾಗಿಲನ್ನೂ ಅರ್ಧ ಮುಚ್ಚಿದರು: ಬಿಡುಗಡೆಯಾದವರು 12 ತಿಂಗಳೊಳಗೆ ರಾಜ್ಯ ಬಿಡಬೇಕು. ಗುಲಾಮಗಿರಿಯಲ್ಲೇ ಉಳಿದ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಬೇಕು ಎಂದೇ ಅರ್ಥ.

ದಕ್ಷಿಣದ ಮಾತಿಗೆ ಬೇರೆಯವರು ಉತ್ತರಿಸಲಿ.

ತುಂಗಾತೀರ

ಅದಕ್ಕೆ ನಾನು ಬರೆಯುತ್ತೇನೆ ಮೇಷ್ಟ್ರೇ, ಈ ಕಥೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ನ್ಯೂಯಾರ್ಕಿನ ಅಲ್‌ಸ್ಟರ್ ಕೌಂಟಿಯಲ್ಲಿ ಹಾರ್ಡನ್‌ಬರ್ಗ್ ಎಂಬ ಡಚ್ ಮನೆತನ. ಅವರ ಮನೆಯ ನೆಲಮಾಳಿಗೆಯಲ್ಲಿ ಗುಲಾಮರ ವಾಸ. ಅಲ್ಲಿ ಇಸಬೆಲ್ಲಾ ಎಂಬ ಹುಡುಗಿ, ಮನೆಮಾತು ಡಚ್. ಅವಳೇ ಮುಂದೆ ಗುಲಾಮಗಿರಿಯ ವಿರುದ್ಧ, ಹೆಂಗಸರ ಹಕ್ಕಿನ ಪರ ಮಾತಾಡಿ ಸೋಜರ್ನರ್ ಟ್ರೂತ್ ಎಂದು ಹೆಸರಾದವಳು. ಅವಳಿಗೆ ಸುಮಾರು 9 ವರ್ಷವಿದ್ದಾಗ ಯಜಮಾನ ಚಾರ್ಲ್ಸ್ ಹಾರ್ಡನ್‌ಬರ್ಗ್ ಸತ್ತ, ಆಸ್ತಿ ಹರಾಜಿಗೆ ಬಂತು. ಒಂದು ಕುರಿ ಹಿಂಡಿನ ಜೊತೆ ಸೇರಿಸಿ ಆ ಮಗುವನ್ನು 100 ಡಾಲರಿಗೆ ಮಾರಿದರು. ಕೊಂಡವರಿಗೆ ಡಚ್ ಬಾರದು, ಮಗುವಿಗೆ ಇಂಗ್ಲಿಷ್ ಬಾರದು. ಹೇಳಿದ್ದು ಅರ್ಥವಾಗದೆ ಹೊಡೆತ ತಿಂದಳು.

ನನ್ನನ್ನು ಹೆಚ್ಚು ಕಾಡುವುದು ಅವಳ ಅಪ್ಪ ಅಮ್ಮನ ವಿಷಯ. ಅಪ್ಪನಿಗೆ ವಯಸ್ಸಾಗಿತ್ತು, ಕೈಕಾಲು ಆಡುತ್ತಿರಲಿಲ್ಲ. ಅಮ್ಮನನ್ನು ಮಾರಿದರೆ ಈ ಮುದುಕನನ್ನು ನೋಡಿಕೊಳ್ಳುವವರು ಯಾರು ಎಂದು ವಾರಸುದಾರರಲ್ಲಿ ಚರ್ಚೆ ಬಂತು. ಯಾರಿಗೂ ಆ ಹೊರೆ ಬೇಡ. ಕೊನೆಗೆ ಅಮ್ಮನಿಗೆ ಬಿಡುಗಡೆ ಕೊಟ್ಟರು, ಗಂಡನನ್ನು ಅವಳೇ ಸಾಕಲಿ ಅಂತ. ಅವರಿಗೆ ಅದೇ ಅಗ್ಗದ ದಾರಿಯಾಗಿ ಕಂಡಿತು. ಕಡತಪ್ರೇಮಿ ಬರೆದ ಆ ಸೊನ್ನೆ ಬೆಲೆಯ ಮುದುಕಿಯ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಪೂರ್ತಿ ಹೋದದ್ದು 1827ರಲ್ಲಿ. ಮರುವರ್ಷ ಇದೇ ಇಸಬೆಲ್ಲಾ, ಕಾನೂನು ಮೀರಿ ಅಲಬಾಮಾಕ್ಕೆ ಮಾರಲ್ಪಟ್ಟಿದ್ದ ತನ್ನ ಮಗ ಪೀಟರ್‌ನನ್ನು ಕೋರ್ಟಿನಲ್ಲಿ ಹೋರಾಡಿ ವಾಪಸ್ ಪಡೆದಳು. ಅಕ್ಷರ ಬಾರದ ಹೆಂಗಸು.

ಸಿನ್ಸಿನಾಟಿ ಕನ್ನಡಿಗ

ತಡವಾಗಿ ಬಂದೆ. ಮೇಲೆ ವಕೀಲರು ಜೆಫರ್ಸನ್‌ನ ಸುಧಾರಣೆಯ ಮಾತು ಬರೆದಿದ್ದಾರೆ. ಅವನ ಸಾವಿನ ನಂತರ ನಡೆದದ್ದಕ್ಕೂ ನಮ್ಮೂರಿಗೂ ಸಂಬಂಧವಿದೆ.

ಜೆಫರ್ಸನ್‌ನ ಮಾವ ಜಾನ್ ವೇಲ್ಸ್ 1773ರಲ್ಲಿ ಸತ್ತಾಗ 135 ಗುಲಾಮರು ಅವನಿಗೆ ಬಂದರು, ಜೊತೆಗೆ ಮಾವನ ದೊಡ್ಡ ಸಾಲವೂ ಬಂತು. ಆ ಗುಲಾಮರಲ್ಲಿ ಎಲಿಜಬೆತ್ ಹೆಮಿಂಗ್ಸ್ ಮತ್ತು ಅವಳ ಮಕ್ಕಳಿದ್ದರು. ಅವರಲ್ಲಿ ಕಿರಿಯಳಾದ ಸ್ಯಾಲಿ, ಜೆಫರ್ಸನ್‌ನ ಹೆಂಡತಿಗೆ ತಂದೆಯ ಕಡೆಯಿಂದ ತಂಗಿ. ಅಕ್ಕ ವಾರಸುದಾರಳು, ತಂಗಿ ಅದೇ ಆಸ್ತಿಯ ಒಂದು ಬಾಬ್ತು. 1662ರ ಕಾನೂನು ಅಂದರೆ ಇದು.

1826ರ ಜುಲೈ 4ರಂದು ಜೆಫರ್ಸನ್ ಸತ್ತ. ಸಾಲ 1 ಲಕ್ಷ ಡಾಲರಿಗೂ ಹೆಚ್ಚು. ಉಯಿಲಿನಲ್ಲಿ ಐವರಿಗೆ ಬಿಡುಗಡೆ. ಅವರಲ್ಲಿ ಒಬ್ಬ ಕಮ್ಮಾರ ಜೋಸೆಫ್ ಫಾಸೆಟ್, ಒಂದು ವರ್ಷ ಕಳೆದ ಮೇಲೆ ಸ್ವತಂತ್ರ ಎಂದು ಬರೆದಿತ್ತು. ಅವನ ಹೆಂಡತಿ, ಅಡುಗೆಯ ಈಡಿತ್‌ಗೂ ಮಕ್ಕಳಿಗೂ ಬಿಡುಗಡೆ ಇಲ್ಲ. 1827ರ ಜನವರಿಯ ಚಳಿಯಲ್ಲಿ ಜೆಫರ್ಸನ್‌ನ ಮಾಂಟಿಚೆಲೊ ಮನೆಯಲ್ಲೇ ಹರಾಜು ನಡೆಯಿತು, 130 ಜನ. ಫಾಸೆಟ್‌ನ ಮಕ್ಕಳು ಬೇರೆ ಬೇರೆ ಮನೆಗಳ ಪಾಲಾದರು. ಆ ಕಮ್ಮಾರ ಕುಲುಮೆ ಊದಿ ದುಡಿದು, 10 ವರ್ಷ ಕಳೆದು 1837ರಲ್ಲಿ ಹೆಂಡತಿ ಮತ್ತು ಕೆಲವು ಮಕ್ಕಳಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ತನ್ನ ಹೆಂಡತಿಗೆ ಬಿಡುಗಡೆ ಪತ್ರ ಬರೆಯಲು ಅವನು ಕಾನೂನಿನ ಪ್ರಕಾರ ಅವಳ ಯಜಮಾನ ಆಗಬೇಕಾಯಿತು. ಮಗ ಪೀಟರ್ ಹರಾಜಿನ ಹೊತ್ತಿಗೆ 11ರ ಹುಡುಗ. ಅವನು ಹೊರಬಂದಾಗ 1850 ಆಗಿತ್ತು.

ಈ ಕುಟುಂಬ ಬಂದು ನೆಲೆಸಿದ್ದು ಸಿನ್ಸಿನಾಟಿಯಲ್ಲಿ. ಪೀಟರ್ ಇಲ್ಲಿ ಅಡುಗೆ ಕಂಟ್ರಾಕ್ಟು ಮಾಡಿ, ಆಮೇಲೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ ಬಾಳಿದ.

ಕುಡ್ಲದವಳು

ಈ ಕಡತ ಓದುವ ಕೆಲಸಕ್ಕೆ ಇಲ್ಲಿಂದ ಸೇರಲಿಕ್ಕೆ ಆಗುತ್ತದಾ? ಕೈಬರಹ ಓದಲಿಕ್ಕೆ ಕಷ್ಟ ಉಂಟಾ?

ಕಡತಪ್ರೇಮಿ

ಆಗುತ್ತದೆ ಅಕ್ಕ. ಎಷ್ಟೋ ಕಡತಗಳ ಚಿತ್ರಗಳು ಆನ್‌ಲೈನ್‌ನಲ್ಲಿವೆ, ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಖಾತೆ ತೆರೆದರೆ ದುಡ್ಡಿಲ್ಲದೆ ನೋಡಬಹುದು. ಮೊದಲ ಎರಡು ವಾರ ಕಷ್ಟ, ಆ ಕಾಲದ ಉದ್ದ "ಎಸ್" ನೋಡಲು "ಎಫ್" ಹಾಗಿರುತ್ತದೆ. ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ.

ಈ ಕೆಲಸ ಯಾರಿಗೆ ಬೇಕು ಎಂಬುದನ್ನೂ ಹೇಳಬೇಕು. ಬಿಡುಗಡೆಯಾದವರೆಲ್ಲರ ಹೆಸರು ಜನಗಣತಿಯಲ್ಲಿ ಬಂದದ್ದು 1870ರಲ್ಲಿ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಪುಸ್ತಕ. ಅದರಲ್ಲಿ ಒಡೆಯನ ಹೆಸರು, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಇಂದಿನ ಕಪ್ಪು ಕುಟುಂಬದವರು ತಮ್ಮ ಹಿರಿಯರನ್ನು ಹುಡುಕಿಕೊಂಡು ಹೋದರೆ ಅಲ್ಲಿ ಗೋಡೆ ಎದುರಾಗುತ್ತದೆ. ಅದರ ಆಚೆ ಹೋಗಬೇಕಾದರೆ ಒಡೆಯನ ಉಯಿಲು, ಬೆಲೆಪಟ್ಟಿ, ಪಾಲುಪಟ್ಟಿ, ಹೊಸ ವರ್ಷದ ದಿನ ಅಪ್ರಾಪ್ತ ವಾರಸುದಾರರ ಖರ್ಚಿಗೆಂದು ಗುಲಾಮರನ್ನು ಬಾಡಿಗೆಗೆ ಕೊಟ್ಟ ಲೆಕ್ಕ, ಇವೇ ದಾರಿ. ಒಡೆದು ಹಂಚಿದ ಕಾಗದದಲ್ಲೇ ಹೆಸರುಗಳು ಒಟ್ಟಿಗೆ ಸಿಗುತ್ತವೆ.

ಹೋದ ತಿಂಗಳು ವಯಸ್ಸಾದ ಒಬ್ಬ ಹೆಂಗಸು ಲೈಬ್ರರಿಗೆ ಬಂದಿದ್ದರು. ಒಂದು ಪಾಲುಪಟ್ಟಿಯ ಪ್ರತಿ ಕೈಗೆ ಕೊಟ್ಟೆ. ತಮ್ಮ ಮುತ್ತಜ್ಜಿಯ ತಾಯಿ ಎಂದುಕೊಂಡಿದ್ದವರ ಹೆಸರಿನ ಮೇಲೆ ಬೆರಳಿಟ್ಟು, ಬೆಲೆಯ ಕಡೆ ನೋಡದೆ, ಪಕ್ಕದ ಸಾಲುಗಳ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಇವರು ಯಾರು, ಇವರು ಯಾರು ಎಂದು ನನ್ನನ್ನು ಕೇಳುತ್ತಿದ್ದರು.

ಟೈಪ್ ಮಾಡುವಾಗ ಒಂದೇ ನಿಯಮ ನೆನಪಿಡಿ. ಕಾಗುಣಿತ ತಪ್ಪಿದ್ದರೂ ಇದ್ದ ಹಾಗೇ ಬರೆಯಿರಿ, ತಾಯಿ ಮಗು ಒಂದೇ ಸಾಲಿನಲ್ಲಿದ್ದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಸೂಚಿಗೆ ಸೇರಿಸಿ. ಬೆಲೆ ಸೊನ್ನೆ ಎಂದು ಬರೆದವರ ಹೆಸರುಗಳನ್ನು ಹಿಂದೆ ಟೈಪ್ ಮಾಡಿದವರು ಕೆಲವು ಕಡೆ ಬಿಟ್ಟಿದ್ದಾರೆ. ನಾನು ಈಗ ಅವನ್ನು ಹುಡುಕಿ ಸೇರಿಸುತ್ತಿದ್ದೇನೆ. ಬರುವುದಾದರೆ ಅಲ್ಲಿಂದಲೇ ಶುರುಮಾಡೋಣ.